ಹಳೆಯ ಭಾವಚಿತ್ರ ನೋಡುವುದು ಹೇಗೆ? ಹಣೆಯಿಂದ ಶುರು ಮಾಡಿ

ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕಾಲದಲ್ಲಿ ತಂಜಾವೂರು, ತಿರುಚಿನಾಪಳ್ಳಿಯ ಚಿತ್ರಕಾರರು ಬ್ರಿಟಿಷರಿಗೆಂದೇ ಗಂಡ-ಹೆಂಡತಿ ಜೋಡಿಗಳ ಚಿತ್ರ ಬರೆದುಕೊಡುತ್ತಿದ್ದರು. ಮ್ಯೂಸಿಯಂಗಳ ವೆಬ್‌ಸೈಟ್‌ನಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ಒಂದನ್ನು ತೆರೆಯಿರಿ. ಕೆಳಗಿನ ಬರಹವನ್ನು ಈಗಲೇ ಓದಬೇಡಿ. ಅಲ್ಲಿ ಜಾತಿ, ಕಸುಬು ಇರುತ್ತದೆ, ಹೆಸರು ಇರುವುದು ಕಡಿಮೆ.

ಮೊದಲು ಹಣೆಯನ್ನು ಜೂಮ್ ಮಾಡಿ. ಅಡ್ಡಕ್ಕೆ ಮೂರು ಗೆರೆ ಎಳೆದಿದ್ದರೆ ವಿಭೂತಿ, ಶಿವನ ಒಕ್ಕಲು. ಉದ್ದ ನಾಮವಾದರೆ ಅದರ ಬುಡ ನೋಡಿ. ದುಂಡಗೆ ಮುಗಿದರೆ ಶ್ರೀವೈಷ್ಣವರಲ್ಲಿ ವಡಗಲೆ ಪಂಗಡ. ಮೂಗಿನ ಮೇಲೆ ಪಾದ ಇಳಿದಿದ್ದರೆ ಅವರದೇ ತೆಂಗಲೆ ಪಂಗಡ. ನಡುವೆ ಸಣ್ಣ ಕಪ್ಪು ಗೆರೆ, ಅದರ ಕೆಳಗೊಂದು ಬೊಟ್ಟು ಕಂಡರೆ ಮಾಧ್ವರ ಅಂಗಾರ-ಅಕ್ಷತೆ: ಗೆರೆ ಅಂಗಾರ, ಬೊಟ್ಟು ಅಕ್ಷತೆ. ಅದನ್ನು ಇಟ್ಟುಕೊಳ್ಳುವುದು ದೇವರ ಪೂಜೆ ಮುಗಿದ ಮೇಲೆ. ಏಕಾದಶಿ ದಿನ ಅಂಗಾರ ಮಾತ್ರ, ಅಕ್ಷತೆ ಇಲ್ಲ. ಸಾಸಿವೆಯಷ್ಟು ಬೊಟ್ಟಿನಲ್ಲಿ ಎಷ್ಟೆಲ್ಲ ಇದೆ ಅಲ್ವಾ? ಚಿತ್ರಕಾರ ಅದನ್ನು ಬಿಡದೆ ಬರೆದಿದ್ದು ಕಂಡಾಗೆಲ್ಲ ನನಗೆ ಅವನ ಮೇಲೆ ಗೌರವ ಜಾಸ್ತಿಯಾಗುತ್ತದೆ.

ಆಮೇಲೆ ಭುಜ. ಜನಿವಾರ ಎಡಭುಜದಿಂದ ಬಲಕ್ಕೆ ಇಳಿಯಬೇಕು. ಬಲಭುಜದ ಮೇಲಿದ್ದರೆ ಪಿತೃಕಾರ್ಯದ ಚಿತ್ರವೇ ಎಂದು ನೋಡಿ. ಅಲ್ಲವಾದರೆ ಅದು ಅಚ್ಚಿನ ಚಿತ್ರವಿರಬಹುದು. ಲೋಹದ ಹಲಗೆಯ ಮೇಲೆ ಕೆತ್ತಿ ಮುದ್ರಿಸುವಾಗ ಎಡ-ಬಲ ತಿರುವುಮುರುವಾಗುತ್ತದೆ. ಜಾಮಾ, ಅಂದರೆ ಎದೆಯ ಪಕ್ಕಕ್ಕೆ ದಾರ ಕಟ್ಟುವ ಉದ್ದನೆಯ ನಿಲುವಂಗಿ, ತೊಟ್ಟಿದ್ದರೆ ಕಟ್ಟು ನೋಡಿ. ಸಾಮಾನ್ಯವಾಗಿ ಹಿಂದೂಗಳು ತಮ್ಮ ಎಡಗಡೆ, ಮುಸ್ಲಿಮರು ತಮ್ಮ ಬಲಗಡೆ ಕಟ್ಟುತ್ತಿದ್ದರು.

ಆದರೆ ಬರೀ ಬಟ್ಟೆ ನಂಬಿದರೆ ಎಡವುತ್ತೀರಿ. ದರ್ಬಾರಿನ ಉಡುಪು ಬೇರೆ, ಮಡಿಯ ಉಡುಪು ಬೇರೆ. ರಾಜಾ ರಾಮಮೋಹನ ರಾಯರನ್ನೇ ನೋಡಿ. ಹೆನ್ರಿ ಪೆರೋನೆ ಬ್ರಿಗ್ಸ್ 1832ರಲ್ಲಿ ಬರೆದ ಅವರ ಚಿತ್ರ ಇಂಗ್ಲೆಂಡಿನ ಬ್ರಿಸ್ಟಲ್ ಮ್ಯೂಸಿಯಂನಲ್ಲಿದೆ. ಪೇಟ, ಶಾಲು, ಮೊಗಲ್ ದರ್ಬಾರಿನ ಠೀವಿ. ಜನಿವಾರ ಎಲ್ಲೂ ಕಾಣುವುದಿಲ್ಲ. ಮರುವರ್ಷ ಅದೇ ಊರಿನಲ್ಲಿ ಅವರು ತೀರಿಕೊಂಡಾಗ ಮೈಮೇಲೆ ಜನಿವಾರ ಇತ್ತು.

ಚಿತ್ರ ನಿಮ್ಮ ಮನೆಯಲ್ಲೇ ಇದೆಯಾ? ಕಾಗದವನ್ನು ಬೆಳಕಿಗೆ ಹಿಡಿಯಿರಿ. ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ವಾಟ್‌ಮನ್ ಕಾಗದವಾದರೆ ಒಳಗೆ ವಾಟರ್‌ಮಾರ್ಕ್, ಜೊತೆಗೆ ಇಸವಿಯೂ ಕಾಣಬಹುದು. ಚಿತ್ರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಅಭ್ರಕದ (ಮೈಕಾ) ಹಾಳೆಯ ಮೇಲೆ ಬರೆದಿದ್ದರೆ ಮಾತ್ರ ಸುಮ್ನೆ ಎತ್ತಬೇಡಿ. ಪದರ ಏಳುತ್ತದೆ, ಅದರ ಜೊತೆ ಬಣ್ಣವೂ ಹೋಗುತ್ತದೆ. ಇದ್ದಲ್ಲೇ ಫೋಟೊ ತೆಗೆದುಕೊಂಡು ಅದನ್ನು ನೋಡಿ.