ಭೂತಾನ್ ಪೋಸ್ಟಿಂಗ್‌ನಲ್ಲಿದ್ದಾಗ ನನ್ನ ಇನ್‌ಕಮ್ ಟ್ಯಾಕ್ಸ್ ಲೆಕ್ಕ

"ಫಾರಿನ್ ಪೋಸ್ಟಿಂಗ್ ಬಂತಲ್ಲ, ಇನ್ನು ಟ್ಯಾಕ್ಸ್ ಕಟ್ಟೋದು ಬೇಡ ಬಿಡಿ." ಭೂತಾನಿಗೆ ಹೊರಟಾಗ ಪಲ್ಟನ್‌ನಲ್ಲಿ ಈ ಮಾತು ಹೇಳದವರೇ ಕಡಿಮೆ. ದುಬೈಯಲ್ಲಿ ಕಂಪನಿ ಕೆಲಸಕ್ಕೆ ಹೋದವರನ್ನು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಎನ್‌ಆರ್‌ಐ, ಅಂದರೆ ತೆರಿಗೆ ಲೆಕ್ಕದಲ್ಲಿ ನಾನ್ ರೆಸಿಡೆಂಟ್ (ಭಾರತದ ನಿವಾಸಿಯಲ್ಲದವರು) ಆದವರು ಅಲ್ಲಿ ದುಡಿದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಸೈನಿಕನ ಲೆಕ್ಕವೇ ಬೇರೆ. ಎನ್‌ಆರ್‌ಐ ಆದರೆ ನಮ್ಮ ಸಂಬಳದ ತೆರಿಗೆ ಕಡಿಮೆಯಾಗುವುದಿಲ್ಲ, ಜಾಸ್ತಿಯೂ ಆಗಬಹುದು.

ನಾನು ಮರಾಠಾ ಲೈಟ್ ಇನ್‌ಫೆಂಟ್ರಿಯ ಹವಾಲ್ದಾರ್ ಕ್ಲರ್ಕ್, ಬೆಳಗಾವಿ ಜಿಲ್ಲೆಯವನು. ಭೂತಾನದ ಹಾ ಎಂಬ ಊರಿನಲ್ಲಿ ನಮ್ಮ ಸೇನೆಯ ಟ್ರೈನಿಂಗ್ ಟೀಮ್ ಇದೆ. ಇಮ್‌ಟ್ರಾಟ್ ಅಂತ ಕರೆಯುತ್ತಾರೆ. 1960ರ ದಶಕದ ಆರಂಭದಿಂದಲೂ ಅದು ಅಲ್ಲಿದ್ದು, ಭೂತಾನದ ಸೇನೆಗೆ ತರಬೇತಿ ಕೊಡುತ್ತದೆ. ಅಲ್ಲಿಗೆ ಪೋಸ್ಟಿಂಗ್ ಆದಾಗ ನನ್ನ ರಿಟರ್ನ್ ನಾನೇ ಹಾಕಿಕೊಂಡೆ. ಆಮೇಲೆ ಜೊತೆಗಿದ್ದ ಜವಾನರಿಗೂ ಸಹಾಯ ಮಾಡಿದೆ.

ಮೊದಲು ಸಂಬಳದ ವಿಷಯ. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 9(1)(iii) ಓದಿದರೆ ಅರ್ಧ ಗೊಂದಲ ಮುಗಿಯುತ್ತದೆ. ಭಾರತದ ಪ್ರಜೆಗೆ ಸರ್ಕಾರ ಕೊಡುವ ಸಂಬಳ, ಕೆಲಸ ಹೊರದೇಶದಲ್ಲಿ ಮಾಡಿದ್ದರೂ, ಭಾರತದಲ್ಲೇ ಹುಟ್ಟಿದ ಆದಾಯ ಎಂದು ಅದು ಹೇಳುತ್ತದೆ. ಆದ್ದರಿಂದ ನಾನು ವರ್ಷವಿಡೀ ಹಾದಲ್ಲೇ ಇದ್ದರೂ ಬೇಸಿಕ್, ಡಿಎ, ತಿಂಗಳಿಗೆ 5,200 ರೂಪಾಯಿಯ ಮಿಲಿಟರಿ ಸರ್ವಿಸ್ ಪೇ, ಎಲ್ಲದಕ್ಕೂ ಇಲ್ಲಿ ತೆರಿಗೆ. ಭೂತಾನ್ ಸರ್ಕಾರಕ್ಕೇನೂ ಕಟ್ಟಬೇಕಿಲ್ಲ. ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಸರ್ಕಾರಿ ನೌಕರನ ಸಂಬಳಕ್ಕೆ ತೆರಿಗೆ ಹಾಕುವ ಹಕ್ಕು ಸಂಬಳ ಕೊಡುವ ದೇಶದ್ದು.

ಇನ್ನು ಭತ್ಯೆ. ಸೆಕ್ಷನ್ 10(7) ನಮ್ಮ ಪಾಲಿಗಿರುವ ನಿಜವಾದ ರಿಯಾಯಿತಿ. ಹೊರದೇಶದ ಸೇವೆಗಾಗಿ ಸರ್ಕಾರ ತನ್ನ ಪ್ರಜೆಗೆ ಅಲ್ಲಿ ಕೊಡುವ ಭತ್ಯೆ, ಸೌಲಭ್ಯಗಳಿಗೆ ತೆರಿಗೆ ಇಲ್ಲ. ಮೇಲ್ಮಿತಿಯೂ ಇಲ್ಲ. ನನ್ನ ಭೂತಾನ್ ಕಾಂಪೆನ್ಸೇಟರಿ ಅಲೋಯನ್ಸ್ ಫಾರ್ಮ್ 16ರಲ್ಲಿ (ಪೇ ಆಫೀಸು ಕೊಡುವ ಸಂಬಳ, ತೆರಿಗೆಯ ಪತ್ರ) ಇದರಡಿಯಲ್ಲೇ ಬಂತು. ಹೊಸ ತೆರಿಗೆ ಪದ್ಧತಿಯಲ್ಲೂ ಈ ವಿನಾಯಿತಿ ಉಳಿದಿದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಫೀಲ್ಡ್ ಏರಿಯಾ, ಹೈ ಆಲ್ಟಿಟ್ಯೂಡ್ ಭತ್ಯೆಗಳಿಗೆ 10(14)ರಲ್ಲಿ ಸಿಗುತ್ತಿದ್ದ ವಿನಾಯಿತಿ ಹೊಸ ಪದ್ಧತಿಯಲ್ಲಿ ಹೋಗಿದೆ. ಅದನ್ನು ನೋಡಿ ಹುಡುಗರು ಭೂತಾನ್ ಭತ್ಯೆಯೂ ಹೋಯಿತು ಅಂದುಕೊಂಡು, ಅದನ್ನೂ ಸಂಬಳಕ್ಕೆ ಸೇರಿಸಿ ಸುಮ್ನೆ ತೆರಿಗೆ ಕಟ್ಟಲು ಹೊರಟಿದ್ದರು.

ಸೆಕ್ಷನ್ ನಂಬರುಗಳೆಲ್ಲ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಲೆಕ್ಕಕ್ಕೆ ಬರುವ 2025ರ ಕಾಯ್ದೆಯಲ್ಲಿ ನಂಬರ್ ಬೇರೆ.

ಹೇಗೂ ಸಂಬಳಕ್ಕೆ ತೆರಿಗೆ ಇದ್ದೇ ಇದೆ, ರೆಸಿಡೆಂಟ್ ಆದರೇನು, ನಾನ್ ರೆಸಿಡೆಂಟ್ ಆದರೇನು ಅಂತ ಕೇಳಬಹುದು. ನಮಗೆ ಪೆಟ್ಟು ಬೀಳುವುದು ಇಲ್ಲೇ. ಸೆಕ್ಷನ್ 87ಎ ರಿಬೇಟ್, ಅಂದರೆ ಲೆಕ್ಕ ಹಾಕಿದ ತೆರಿಗೆಯಲ್ಲೇ ಸಿಗುವ ಕಡಿತ, ರೆಸಿಡೆಂಟ್‌ಗೆ ಮಾತ್ರ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಈ ರಿಬೇಟ್‌ನಿಂದಲೇ. ಒಬ್ಬ ಜವಾನನ ಸಂಬಳ 10,75,000 ಅಂದುಕೊಳ್ಳಿ. ಸ್ಟಾಂಡರ್ಡ್ ಡಿಡಕ್ಷನ್ 75,000 ತೆಗೆದರೆ 10 ಲಕ್ಷ. 4ರಿಂದ 8 ಲಕ್ಷಕ್ಕೆ ಶೇ. 5ರಂತೆ 20,000, ಉಳಿದ 2 ಲಕ್ಷಕ್ಕೆ ಶೇ. 10ರಂತೆ ಇನ್ನೊಂದು 20,000. ಅವನು ಬೆಳಗಾವಿಯಲ್ಲಿದ್ದರೆ ಈ 40,000 ಪೂರ್ತಿ ರಿಬೇಟ್‌ನಲ್ಲಿ ಹೋಗಿ ತೆರಿಗೆ ಸೊನ್ನೆ. ಹಾದಲ್ಲಿದ್ದು ನಾನ್ ರೆಸಿಡೆಂಟ್ ಆದರೆ ಶೇ. 4 ಸೆಸ್ ಸೇರಿ 41,600 ರೂಪಾಯಿ. ಅದೇ ರ‍್ಯಾಂಕ್, ಅದೇ ಸಂಬಳ, ಅದೇ ಸರ್ಕಾರದ ಆರ್ಡರ್. ಜವಾನ ತನ್ನ ಇಷ್ಟಕ್ಕೆ ದೇಶ ಬಿಟ್ಟವನಲ್ಲ, ಕಳಿಸಿದ್ದಕ್ಕೆ ಹೋದವನು. ಇದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. ಸರ್ಕಾರಿ ಆದೇಶದ ಮೇಲೆ ಹೊರಗಿರುವವರಿಗೂ ಈ ರಿಬೇಟ್ ಕೊಡಲೇಬೇಕು.

ಆದರೆ ಕಾನೂನು ಬದಲಾಗುವವರೆಗೆ ಸರಿಯಾಗಿ ಲೆಕ್ಕ ಹಾಕಲೇಬೇಕು, ಅಲ್ವಾ? ಕೆಲಸಕ್ಕೆಂದು ದೇಶ ಬಿಡುವ ವರ್ಷದಲ್ಲಿ ಭಾರತದಲ್ಲಿ 182 ದಿನ ಆದರೆ ರೆಸಿಡೆಂಟ್. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 29ಕ್ಕೆ 182 ತುಂಬುತ್ತದೆ. ಅದಕ್ಕಿಂತ ಮೊದಲು ಹೊರಟು, ನಡುವೆ ರಜೆಗೆ ಬಂದರೆ ಆ ದಿನಗಳೂ ಸೇರುತ್ತವೆ. ಪೂರ್ತಿ ಹೊರಗಿರುವ ವರ್ಷಗಳಲ್ಲಿ ವಾರ್ಷಿಕ ರಜೆ, ಕ್ಯಾಶುಯಲ್ ರಜೆ ಎರಡೂ ಸೇರಿದರೂ 182 ಆಗುವುದಿಲ್ಲ. ಹಾಗಾಗಿ ನಾನ್ ರೆಸಿಡೆಂಟ್. ಹೊರಟ ದಿನ, ಬಂದ ದಿನ ಎರಡನ್ನೂ ನಾನು ಭಾರತದಲ್ಲಿದ್ದ ದಿನ ಅಂತಲೇ ಹಿಡಿದೆ.

ಪೂರ್ತಿ ವಾಪಸ್ ಬರುವ ವರ್ಷದ ನಿಯಮ ಬೇರೆ. ಆ ವರ್ಷ 60 ದಿನ ಇದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೆ ಸಾಕು, ರೆಸಿಡೆಂಟ್. ಅಂದರೆ ಜನವರಿಯಲ್ಲೇ ಬಂದರೂ ಮಾರ್ಚ್ ಮುಗಿಯುವಷ್ಟರಲ್ಲಿ 60 ದಾಟುತ್ತದೆ, ರಿಬೇಟ್ ಸಿಗುತ್ತದೆ. ದಕ್ಷಿಣ ಸುಡಾನ್‌ಗೆ ವಿಶ್ವಸಂಸ್ಥೆಯ ಶಾಂತಿಪಡೆಗೆ ಒಂದು ವರ್ಷಕ್ಕೆ ಹೋದ ಗೆಳೆಯನ ಲೆಕ್ಕ ನೋಡಿದಾಗ ಇದು ಚೆನ್ನಾಗಿ ಅರ್ಥವಾಯಿತು. ಅವನು ನವೆಂಬರ್‌ನಲ್ಲಿ ಹೋಗಿ ಮುಂದಿನ ನವೆಂಬರ್‌ನಲ್ಲಿ ಬಂದ. ಎರಡೂ ವರ್ಷ ರೆಸಿಡೆಂಟ್. ಮೇ ತಿಂಗಳಲ್ಲಿ ಹೊರಟಿದ್ದರೆ ಮೊದಲ ವರ್ಷ ನಾನ್ ರೆಸಿಡೆಂಟ್ ಆಗುತ್ತಿದ್ದ.

ಆಫೀಸರ್‌ಗಳು ಇನ್ನೊಂದು ನೋಡಬೇಕು. ಇಲ್ಲಿನ ಆದಾಯ 15 ಲಕ್ಷ ದಾಟಿ, ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಪ್ರಜೆಯನ್ನು ಸೆಕ್ಷನ್ 6(1ಎ) ದಿನ ಎಣಿಸದೆಯೇ ರೆಸಿಡೆಂಟ್ ಎನ್ನುತ್ತದೆ. ಅವರ ಸರ್ಕಾರಿ ಸಂಬಳವೂ ಆ 15 ಲಕ್ಷದ ಲೆಕ್ಕಕ್ಕೆ ಬರುತ್ತದೆ.

ದಿನಗಳಿಗೆ ಸಾಕ್ಷಿ ಬೇಕು. ಭಾರತೀಯರಿಗೆ ಭೂತಾನಿಗೆ ವೀಸಾ ಬೇಡ, ನಾವು ಹೋಗುವುದು ಮೂವ್‌ಮೆಂಟ್ ಆರ್ಡರ್ ಮೇಲೆ. ಪಾಸ್‌ಪೋರ್ಟ್ ಸೀಲ್ ತೋರಿಸುತ್ತೇನೆ ಅಂದರೆ ಸೀಲ್ ಇದ್ದರೆ ತಾನೇ! ಅದಕ್ಕೆ ಮೂವ್‌ಮೆಂಟ್ ಆರ್ಡರ್, ಲೀವ್ ಸರ್ಟಿಫಿಕೇಟ್, ಪಾರ್ಟ್ ಟು ಆರ್ಡರ್ ಮೂರರ ಪ್ರತಿಯನ್ನೂ ಇಟ್ಟುಕೊಂಡೆ. ರಜೆ, ವರ್ಗಾವಣೆ ಎಲ್ಲವೂ ಪಾರ್ಟ್ ಟು ಆರ್ಡರ್‌ನಲ್ಲಿ ದಾಖಲಾಗುವುದರಿಂದ ಅದಕ್ಕಿಂತ ಗಟ್ಟಿ ಸಾಕ್ಷಿ ನಮ್ಮಲ್ಲಿಲ್ಲ.

ಟಿಡಿಎಸ್ (ಸಂಬಳದಲ್ಲೇ ಮುರಿದುಕೊಳ್ಳುವ ತೆರಿಗೆ) ಬಗ್ಗೆ ವರ್ಷದ ಮೊದಲೇ ಎಚ್ಚರ ವಹಿಸಿದೆ. ಪೇ ಆಫೀಸು ರೆಸಿಡೆಂಟ್ ಅಂತ ಹಿಡಿದು ರಿಬೇಟ್ ಕೊಟ್ಟರೆ ತೆರಿಗೆ ಕಡಿತವೇ ಆಗುವುದಿಲ್ಲ. ರಿಟರ್ನ್ ಹಾಕುವಾಗ ಪೂರ್ತಿ ಮೊತ್ತ ಒಂದೇ ಸಲ ಎದುರಾಗುತ್ತದೆ, ಬಾಕಿ 10,000 ರೂಪಾಯಿಯಾದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿಲ್ಲ ಅಂತ ಬಡ್ಡಿಯೂ ಬೀಳುತ್ತದೆ. ಈ ವರ್ಷ ನಾನು ನಾನ್ ರೆಸಿಡೆಂಟ್ ಅಂತ ಯೂನಿಟ್ ಮೂಲಕ ಬರೆದು ಕೊಟ್ಟೆ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕಡಿತವಾಯಿತು. ಮನೆಯ ಖರ್ಚಿಗೆ ಧಕ್ಕೆಯಾಗಲಿಲ್ಲ.

ನಾನ್ ರೆಸಿಡೆಂಟ್ ಆದವರು ಐಟಿಆರ್-1 ಎಂಬ ಸರಳ ರಿಟರ್ನ್ ಫಾರ್ಮ್ ಹಾಕುವಂತಿಲ್ಲ. ಐಟಿಆರ್-2 ಬೇಕು. ನೋಡಲು ಉದ್ದ, ಆದರೆ ಸಂಬಳ ಒಂದೇ ಇರುವವರಿಗೆ ಬಹಳಷ್ಟು ಪುಟ ಖಾಲಿಯೇ. ಭಾರತದಲ್ಲಿದ್ದ ದಿನಗಳನ್ನು ಕೇಳುತ್ತದೆ, ಈ ವರ್ಷದ್ದು ಮತ್ತು ಹಿಂದಿನ ನಾಲ್ಕು ವರ್ಷಗಳದ್ದು. ಸಂಬಳದ ಪುಟದಲ್ಲಿ ವಿನಾಯಿತಿ ಭತ್ಯೆಗಳ ಪಟ್ಟಿಯಿಂದ 10(7) ಆರಿಸಿ, ಫಾರ್ಮ್ 16ರ ಮೊತ್ತವನ್ನೇ ಹಾಕಿದೆ.

ಕೊನೆಗೆ ಇ-ವೆರಿಫೈ, ಅಂದರೆ ರಿಟರ್ನ್ ನನ್ನದೇ ಅಂತ ಆನ್‌ಲೈನ್‌ನಲ್ಲಿ ದೃಢಪಡಿಸುವುದು. ರಿಟರ್ನ್ ಹಾಕಿ 30 ದಿನದೊಳಗೆ ಮಾಡಬೇಕು. ಆಧಾರ್ ಓಟಿಪಿ ಬರುವುದು ಊರಿನ ಸಿಮ್‌ಗೆ, ಹಾದಲ್ಲಿ ಅದಕ್ಕೆ ಸಿಗ್ನಲ್ ಇಲ್ಲ. ನಾನು ಬ್ಯಾಂಕಿನ ನೆಟ್ ಬ್ಯಾಂಕಿಂಗ್‌ನಿಂದ ತೆರಿಗೆ ಪೋರ್ಟಲ್‌ಗೆ ಹೋಗಿ ವೆರಿಫೈ ಮಾಡಿದೆ. ಅದೂ ಆಗದವರು ಐಟಿಆರ್-ವಿ (ರಿಟರ್ನ್ ಹಾಕಿದ್ದಕ್ಕೆ ಬರುವ ಸ್ವೀಕೃತಿ ಪತ್ರ) ಪ್ರಿಂಟ್ ತೆಗೆದು, ಸಹಿ ಹಾಕಿ, ತೆರಿಗೆ ಇಲಾಖೆಯ ಬೆಂಗಳೂರಿನ ರಿಟರ್ನ್ ಕೇಂದ್ರವಾದ ಸಿಪಿಸಿಗೆ ಪಿನ್ 560500 ಬರೆದು ಸ್ಪೀಡ್ ಪೋಸ್ಟ್ ಮಾಡಬಹುದು. ರಜೆಗೆ ಹೊರಟ ಹುಡುಗನ ಕೈಯಲ್ಲಿ ಲಕೋಟೆ ಕೊಟ್ಟು ಕಳಿಸಿ, ಗಡಿ ದಾಟಿದ ಕೂಡಲೇ ಜೈಗಾಂವ್‌ನಲ್ಲಿ ಪೋಸ್ಟ್ ಮಾಡಿಸಿ ರಸೀದಿ ತರಿಸಿಕೊಂಡವರೂ ನಮ್ಮಲ್ಲಿದ್ದರು.