ಅಟ್ಟದ ಮೇಲೆ ಸಿಕ್ಕಿದ ಸಿಗ್ನಲ್

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಒಳಗೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ. ಮನೆಯಲ್ಲೇ ಕೂತು ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾಗದ, ಜಾತ್ರೆಯ ಕರಪತ್ರ, ಶಾಲೆಗಳ ಸ್ಮರಣ ಸಂಚಿಕೆ ಇಂಥವು. ಕೆಲಸ ಮುಗಿದರೂ ಅದನ್ನು ಪ್ರೆಸ್ಸಿಗೆ ಮುಟ್ಟಿಸುವುದೇ ಕಷ್ಟವಾಗಿತ್ತು. ಪೆನ್‌ಡ್ರೈವ್ ಹಿಡಿದು ಬೆಳಗಿನ ಬಸ್ಸಿಗೆ ಪೇಟೆಗೆ ಹೋಗಬೇಕು. ಒಂದು ಅಕ್ಷರ ತಪ್ಪಿದ್ದರೆ ಮರುದಿನ ಮತ್ತೆ ಅದೇ ಬಸ್ಸು. ಮನೆಗೆ ಇಂಟರ್ನೆಟ್ ತರಲೇಬೇಕು ಎಂದು ಹಟ ಹಿಡಿದದ್ದು ಇದಕ್ಕೇ.

ತಂತಿಯಲ್ಲಿ ಇಂಟರ್ನೆಟ್ ತರುವ ಫೈಬರ್ ನಮ್ಮ ಕಡೆ ಬಂದಿರಲಿಲ್ಲ. ಉಳಿದದ್ದು ಮೊಬೈಲ್ ಸಿಗ್ನಲ್ ಒಂದೇ. ಮೊಬೈಲ್ ಸಿಗ್ನಲ್ ಹಿಡಿದು ಮನೆಯೊಳಗೆ ಇಂಟರ್ನೆಟ್ ಹಂಚುವ ಪೆಟ್ಟಿಗೆ, ಸಿಮ್ ಹಾಕುವ 4ಜಿ ರೌಟರ್ ತಂದರೆ ಆಯ್ತು ಎಂದುಕೊಂಡೆ. ತಂದು ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟೆ. ದೀಪವೇನೋ ಉರಿಯಿತು, ಪುಟ ಮಾತ್ರ ತೆರೆಯಲಿಲ್ಲ.

ಆಮೇಲೆ ಅರ್ಥವಾಯಿತು, ಇಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ. ಟವರಿನಿಂದ ರೌಟರಿಗೆ ಬರುವುದು ಒಂದು, ರೌಟರಿನಿಂದ ಕಂಪ್ಯೂಟರಿಗೆ ಹೋಗುವುದು ಇನ್ನೊಂದು. ಮಲೆನಾಡಿನಲ್ಲಿ ತೊಂದರೆ ಜಾಸ್ತಿ ಮೊದಲನೆಯದರಲ್ಲೇ. ಕಂಪ್ಯೂಟರ್ ಇರುವ ಜಾಗಕ್ಕೆ ರೌಟರ್ ತರಬಾರದು. ಸಿಗ್ನಲ್ ಇರುವ ಜಾಗ ಹುಡುಕಿ ಅಲ್ಲಿಗೆ ರೌಟರ್ ಒಯ್ಯಬೇಕು.

ಫೋನಿನಲ್ಲಿ ಕಾಣುವ ಕಡ್ಡಿಗಳನ್ನು ನಂಬಿ ಹುಡುಕಿದರೆ ಆಗುವುದಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ಎಂದಿರುತ್ತದೆ. ಅಲ್ಲಿ ಸಿಗ್ನಲ್ ಎಷ್ಟಿದೆ ಎಂದು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಅದು ಮೈನಸ್ ಸಂಖ್ಯೆ, ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. -80 ಇದ್ದರೆ ಚಿಂತೆಯಿಲ್ಲ, -110 ದಾಟಿದರೆ ಕಷ್ಟ. 3 ಅಂಕ ಸುಧಾರಿಸಿದರೆ ಸಿಗ್ನಲ್‌ನ ಶಕ್ತಿ ಎರಡು ಪಟ್ಟಾಗುತ್ತದೆ, 10 ಅಂಕಕ್ಕೆ ಹತ್ತು ಪಟ್ಟು. ಹಾಗಾಗಿ ಒಂದೊಂದು ಅಂಕಕ್ಕೂ ಬೆಲೆಯಿದೆ.

ಒಂದು ಭಾನುವಾರ ಫೋನ್ ಹಿಡಿದು ಇಡೀ ಮನೆ ಸುತ್ತಿದೆ. ಮಾವ ನನ್ನ ಹಿಂದೆಯೇ ಸೀಮೆಸುಣ್ಣ ಹಿಡಿದು ಬಂದರು. ನಾನು ಅಂಕ ಹೇಳುವುದು, ಅವರು ಅಲ್ಲಲ್ಲೇ ಗೋಡೆಗೋ ಕಂಬಕ್ಕೋ ಬರೆಯುವುದು. ಕಂಪ್ಯೂಟರ್ ಕೋಣೆಯಲ್ಲಿ -114. ಜಗಲಿಯಲ್ಲಿ -108. ಅಂಗಳದ ತುಳಸಿಕಟ್ಟೆ ಹತ್ತಿರ -104. ಅಟ್ಟ ಹತ್ತಿ ಪೂರ್ವದ ಬೆಳಕಿಂಡಿಯ ಹತ್ತಿರ ನಿಂತಾಗ -98 ಬಂತು. "ಮಗಾ, ಇಲ್ಲೇ ಇರ್ಲಿ ಬಿಡು" ಎಂದು ಮಾವ ಜಂತಿಯ ಮೇಲೆ ದೊಡ್ಡದಾಗಿ ಬರೆದರು. ಕೋಣೆಗೂ ಅಟ್ಟಕ್ಕೂ 16 ಅಂಕದ ವ್ಯತ್ಯಾಸ. ಎಂದರೆ ಸುಮಾರು 40 ಪಟ್ಟು.

ಅಂಕ ನೋಡುವಾಗ ಒಂದು ಜಾಗದಲ್ಲಿ ಅರ್ಧ ನಿಮಿಷವಾದರೂ ನಿಲ್ಲಿ. ಅದು ಏರಿಳಿಯುತ್ತಿರುತ್ತದೆ. ರೌಟರಿಗೆ ಹಾಕುವ ಸಿಮ್ಮನ್ನೇ ಫೋನಿಗೆ ಹಾಕಿ ನೋಡಬೇಕು, ಯಾಕೆಂದರೆ ಬೇರೆ ಕಂಪನಿಯ ಟವರ್ ಬೇರೆ ದಿಕ್ಕಿನಲ್ಲಿರಬಹುದು.

ಅಟ್ಟದಲ್ಲಿ ರೌಟರನ್ನು ಜಂತಿಗೆ ತೂಗು ಹಾಕಿದೆವು. ಅಲ್ಲಿಂದ ಕೋಣೆಗೆ ನೆಟ್‌ವರ್ಕ್ ಕೇಬಲ್ ಎಳೆದೆವು. ನಿಜ ಹೇಳಬೇಕೆಂದರೆ ಒಂದೇ ಕಂಪ್ಯೂಟರ್ ಇರುವ ಮನೆಗೆ ಕೇಬಲ್ಲೇ ಒಳ್ಳೆಯದು. 100 ಮೀಟರ್‌ವರೆಗೂ ಎಳೆಯಬಹುದು. ಆದರೆ ಅಡಿಕೆ ಚೀಲ ಇಡುವ ಅಟ್ಟದಲ್ಲಿ ಇಲಿ ಇರದೇ ಇರುತ್ತವಾ? ತಿಂಗಳೊಳಗೆ ಕೇಬಲ್ ಕಡಿದು ಹಾಕಿದವು. ಆಗ ವೈಫೈ ಕಡೆ ತಿರುಗಿದೆ.

ನನ್ನದು ಹಳೇ ಡೆಸ್ಕ್‌ಟಾಪ್, ಅದರಲ್ಲಿ ವೈಫೈ ಇಲ್ಲ. ಯುಎಸ್‌ಬಿಗೆ ಚುಚ್ಚುವ ಚಿಕ್ಕ ವೈಫೈ ಅಡಾಪ್ಟರ್ ತಂದೆ. ಅದನ್ನು ಕಂಪ್ಯೂಟರ್ ಗುರುತಿಸಲು ಬೇಕಾದ ತಂತ್ರಾಂಶವನ್ನು, ಅಂದರೆ ಡ್ರೈವರನ್ನು, ಸಿಡಿಯಲ್ಲಿ ಕೊಟ್ಟಿದ್ದರು, ನನ್ನ ಸಿಡಿ ಡ್ರೈವ್ ಕೆಟ್ಟು ವರ್ಷಗಳಾಗಿತ್ತು. ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು! ದಾರಿ ಸುಲಭದ್ದೇ ಇತ್ತು. ಫೋನನ್ನು ಚಾರ್ಜರಿನ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಪುಟದಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಬೇಕು. ಫೋನಿನ ಇಂಟರ್ನೆಟ್ ತಂತಿಯಲ್ಲೇ ಕಂಪ್ಯೂಟರಿಗೆ ಬರುತ್ತದೆ. ಕೋಣೆಯ ಆ ಬಡ ಸಿಗ್ನಲ್‌ನಲ್ಲಿ ಡ್ರೈವರ್ ಇಳಿಯಲು ಒಂದು ಗಂಟೆ ಹಿಡಿಯಿತು. ಆದರೂ ಇಳಿಯಿತು.

ವೈಫೈ ಬಂತು, ಆದರೆ ನಿಲ್ಲುತ್ತಿರಲಿಲ್ಲ. ಸಿಪಿಯು ಮೇಜಿನ ಕೆಳಗೆ, ಕಬ್ಬಿಣದ ಬೀರುವಿಗೆ ತಾಗಿಕೊಂಡಂತೆ ಇತ್ತು. ಅಡಾಪ್ಟರ್ ಅದರ ಬೆನ್ನಿಗೆ. ಎರಡು ಮಾರು ದೂರದ ಅಟ್ಟದಿಂದ ಬರುವ ಸಿಗ್ನಲ್ಲಿಗೆ ನಾನೇ ಅಡ್ಡ ಕಟ್ಟಿದ್ದೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದು ಅಡಾಪ್ಟರನ್ನು ಮೇಜಿನ ಮೇಲೆ ತಂದಿಟ್ಟೆ. ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿ ಬಿಟ್ಟು ಕಪ್ಪು ಕಿಂಡಿಗೆ ಚುಚ್ಚಿದೆ. 3.0 ಕಿಂಡಿಯಿಂದ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ ತೊಂದರೆ ಕೊಡುತ್ತದೆ. ಅಲ್ಲಿಂದ ಮುಂದೆ ಸಂಪರ್ಕ ಕಡಿಯಲಿಲ್ಲ.

ರೌಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ವೈಫೈ ಕೊಡುತ್ತದೆ. 5 ವೇಗದ್ದು, ಆದರೆ ನಮ್ಮ ಒಂದೂವರೆ ಅಡಿ ಮಣ್ಣಿನ ಗೋಡೆ ದಾಟುವ ತಾಕತ್ತು ಅದಕ್ಕಿಲ್ಲ. 2.4 ದಾಟುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಕಂಪ್ಯೂಟರಿಗೆ 2.4 ಮಾತ್ರ ಹಿಡಿಸಿದೆ. ಶಿವಮೊಗ್ಗದ ವಿನೋಬನಗರದಲ್ಲಿರುವ ತಂಗಿಯ ಮನೆಯಲ್ಲಿ ನೋಡಿದರೆ ಅಕ್ಕಪಕ್ಕದ ಹತ್ತಾರು ವೈಫೈ ಹೆಸರು ಕಾಣುತ್ತವೆ. ಅಂಥ ಕಡೆ ವೈಫೈ ಓಡಾಡುವ ಓಣಿಗಳಾದ ಚಾನೆಲ್ 1, 6, 11 ಇವುಗಳಲ್ಲಿ ಖಾಲಿ ಇರುವುದನ್ನು ಆರಿಸಬೇಕು. ನಮಗೆ ಆ ತಲೆಬಿಸಿ ಇಲ್ಲ.

ವಿಂಡೋಸ್‌ನಲ್ಲಿ ಈ ಸಂಪರ್ಕವನ್ನು ಮೀಟರ್ಡ್, ಅಂದರೆ ಡೇಟಾಕ್ಕೆ ಮಿತಿ ಇರುವಂಥದ್ದು, ಎಂದು ಗುರುತು ಮಾಡಿಡಿ. ನಾನು ಮಾಡದೇ ಇದ್ದಾಗ ಅಪ್‌ಡೇಟ್ ಒಂದೇ ದಿನದಲ್ಲಿ ಅವತ್ತಿನ ಡೇಟಾ ಪೂರ್ತಿ ತಿಂದಿತು. ದೊಡ್ಡ ಫೈಲುಗಳನ್ನು ಬೆಳಿಗ್ಗೆ ಐದಕ್ಕೆ ಕಳಿಸುತ್ತೇನೆ. ರಾತ್ರಿ ಎಂಟರ ಹೊತ್ತಿಗೆ ಊರಿಡೀ ಅದೇ ಟವರ್ ಬಳಸುತ್ತಿರುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದಾಗ -98 ಇದ್ದದ್ದು -106ಕ್ಕೆ ಇಳಿಯಿತು. ಬೆಳಕಿಂಡಿಯ ಎದುರಿಗೇ ಹಲಸಿನ ಮರದ ಕೊಂಬೆ. ಒದ್ದೆ ಎಲೆ ಸಿಗ್ನಲ್ ಹೀರಿಕೊಳ್ಳುತ್ತದೆ. ಕೊಂಬೆ ಕಡಿಸೋಣ ಎಂದೆ. ಮಾವ ಒಪ್ಪಲಿಲ್ಲ. "ಆ ಕೊಂಬೇಲಿ ವರ್ಷಾ ಹಣ್ಣು ಬಿಡ್ತದೆ. ಪೆಟ್ಟಿಗೆನೇ ಸರಿಸು" ಎಂದರು. ಮತ್ತೆ ಅಟ್ಟ ಹತ್ತಿದೆವು. ಎರಡು ಮಾರು ದಕ್ಷಿಣಕ್ಕೆ ಸರಿಸಿದಾಗ, ಮಳೆ ಸುರಿಯುತ್ತಿರುವಾಗಲೇ -95 ಸಿಕ್ಕಿತು. ಹಳೇ -98ನ್ನು ಅಳಿಸಿ ಮಾವ ಹೊಸ ಜಾಗದಲ್ಲಿ ಬರೆದರು. ಅವತ್ತೇ 64 ಪುಟದ ಸಂಚಿಕೆಯೊಂದನ್ನು ಪ್ರೆಸ್ಸಿಗೆ ಕಳಿಸಿದೆ.

ಕರೆಂಟ್ ಹೋದರೆ ರೌಟರಿಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಇದೆ, ಮೂರು ಗಂಟೆ ಬರುತ್ತದೆ. ಗುಡುಗು ಶುರುವಾದರೆ ಮಾತ್ರ ಯಾವ ಕೆಲಸವಿದ್ದರೂ ನಿಲ್ಲಿಸಿ ಎಲ್ಲ ಪ್ಲಗ್ ಕೀಳುತ್ತೇವೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮಾವ ಗುಡ್ಡದ ಕಡೆ ನೋಡುತ್ತಾ ಜಗಲಿಯಲ್ಲೇ ಕೂತಿರುತ್ತಾರೆ. ಮೊದಲ ಮಿಂಚು ಕಂಡದ್ದೇ, ನಾನು ಏಳುವ ಮೊದಲೇ ಅವರು ಎದ್ದಿರುತ್ತಾರೆ.