ಪಕ್ಕದ ಮನೆಯವರ ಜೊತೆ ಯೇಸುವಿನ ಮಾತು: ನನ್ನ ಅನುಭವ

ಗುಳೇದಗುಡ್ಡದಲ್ಲಿ ನಾವಿರುವ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಆಚೀಚೆ ಎಲ್ಲ ನೇಕಾರರು, ಬೆಳಗಾದರೆ ಖಣ ನೇಯುವ ಮಗ್ಗದ ಸದ್ದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು 1851ರಲ್ಲೇ ಈ ಊರಿಗೆ ಬಂದಿದ್ದರು, ಹಾಗಾಗಿ ಚರ್ಚ್ ಇಲ್ಲಿ ಯಾರಿಗೂ ಹೊಸದಲ್ಲ. ಆದರೆ ಚರ್ಚ್ ಎಲ್ಲಿದೆ ಅಂತ ಗೊತ್ತಿರೋದು ಬೇರೆ, ಯೇಸು ಯಾರು ಅಂತ ಗೊತ್ತಿರೋದು ಬೇರೆ, ಅಲ್ವಾ? ಅದನ್ನು ಪಕ್ಕದ ಮನೆಯವರಿಗೆ ಹೇಗೆ ಹೇಳೋದು ಅಂತ ನಮ್ಮ ಸಭೆಯ ಹುಡುಗಿಯರು ಕೇಳುತ್ತಿರುತ್ತಾರೆ. ನಾನು ಮಾಡಿದ್ದನ್ನು ಹೇಳುತ್ತೇನೆ.

ಮೊದಲು ನಾನೇ ಕೇಳಿಕೊಂಡು ಹೋದೆ. ಸಹಾಯ ಮಾಡು ಅಂದರೆ ನಾವು ಮುಂದೆ, ಇನ್ನೊಬ್ಬರ ಹತ್ತಿರ ಇಸ್ಕೊಳ್ಳೋಕೆ ಮಾತ್ರ ಸಂಕೋಚ. ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ ಯೇಸು ಸಮಾರ್ಯದ ಹೆಂಗಸಿನ ಜೊತೆ ಮಾತು ಶುರು ಮಾಡಿದ್ದೇ ಕುಡಿಯೋಕೆ ನೀರು ಕೇಳಿ. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕು ಬಳಕೆಯೇ ಇರಲಿಲ್ಲ, ಆದರೂ ಆಕೆಯ ಕೈಯಿಂದ ನೀರು ಕೇಳಿದ. ನಾನು ಪಕ್ಕದ ಮನೆ ಕಾಕು ಹತ್ತಿರ ಸಜ್ಜಿ ರೊಟ್ಟಿ ಬಡಿಯೋದು ಕಲಿಸ್ರಿ ಅಂತ ಹೋದೆ. "ಹಿಟ್ಟಿಗೆ ಎಸರು ಹಾಕಿ ನಾದವ್ವಾ, ಇಲ್ಲಾಂದ್ರ ಅಂಚು ಸೀಳತಾವ" ಅಂತ ನನ್ನ ಕೈ ಹಿಡಿದು ತೋರಿಸಿದರು. ಅವತ್ತಿಂದ ಅವರ ಅಡುಗೆಮನೆಗೆ ನಾನು ಹೊರಗಿನವಳಲ್ಲ.

ಅವರ ಹಬ್ಬಕ್ಕೆ ಹೋಗುತ್ತೇನೆ. ಪಂಚಮಿ ಉಂಡಿ ತಿನ್ನುತ್ತೇನೆ, ದಸರೆಗೆ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂದರೆ ನಾನೂ ಅನ್ನುತ್ತೇನೆ. ಪೂಜೆಗೆ ಮಾತ್ರ ಕೂರಲ್ಲ. ಅದನ್ನು ನೆಪ ಹೇಳದೆ ಮೊದಲೇ ತಿಳಿಸಿದ್ದೆ, ಕಾಕು ಬೇಜಾರೇನೂ ಮಾಡಿಕೊಳ್ಳಲಿಲ್ಲ. ಕ್ರಿಸ್ಮಸ್‌ಗೆ ನಮ್ಮ ಮನೆಯಿಂದ ಕರ್ಚಿಕಾಯಿ, ಚಕ್ಕಲಿ ಅವರಿಗೆ ಹೋಗುತ್ತೆ.

ಕಾಕಾಗೆ ಲಕ್ವಾ ಹೊಡೆದಾಗ ಬಾಗಲಕೋಟೆ ಆಸ್ಪತ್ರೆಯಲ್ಲಿ ಕಾಕು ಜೊತೆ ರಾತ್ರಿ ಉಳಿದೆ. ಮನೆಯಲ್ಲಿ ಅವರ ಸೊಸೆಗೆ ಮಗ್ಗದ ನೂಲಿನ ಕಂಡಿಕೆ ಸುತ್ತಿಕೊಟ್ಟೆ, ಯಾಕಂದರೆ ಮಗ್ಗ ನಿಂತರೆ ಆ ವಾರದ ಕೂಲಿಯೂ ನಿಲ್ಲುತ್ತೆ. ಆಸ್ಪತ್ರೆಯಲ್ಲಿ "ಕಾಕು, ನಾ ಪ್ರಾರ್ಥನೆ ಮಾಡ್ಲ್ಯಾ? ಬ್ಯಾಡಂದ್ರೂ ನಡೀತದ" ಅಂತ ಕೇಳಿದೆ. ಮಾಡವ್ವಾ ಅಂದರು. ಸಣ್ಣ ಪ್ರಾರ್ಥನೆ, ಅಷ್ಟೇ. ವಾಸಿ ಆಗೇ ಆಗುತ್ತೆ ಅಂತ ಮಾತು ಕೊಡಲಿಲ್ಲ. ಮನೆಗೆ ಬಂದ ಮೇಲೆ ಗುಳಿಗೆ ತಪ್ಪಿಸಬ್ಯಾಡ್ರಿ ಅಂತ ದಿನಾ ನೆನಪು ಮಾಡಿದ್ದೂ ನಾನೇ. ದೇವರು ಡಾಕ್ಟರ ಕೈಯಿಂದಲೂ ಕೆಲಸ ಮಾಡುತ್ತಾನೆ ಅಂತ ಗಟ್ಟಿಯಾಗಿ ನಂಬಿದವಳು ನಾನು.

ಒಂದು ವಿಷಯದಲ್ಲಿ ತುಂಬಾ ಹುಷಾರಾಗಿರಬೇಕು. ಮಾಡಿದ ಸಹಾಯಕ್ಕೆ ಪ್ರತಿಯಾಗಿ ಚರ್ಚಿಗೆ ಬನ್ನಿ ಅನ್ನೋದು ಪ್ರೀತಿ ಅಲ್ಲ, ವ್ಯಾಪಾರ. ಕಷ್ಟದಲ್ಲಿರೋರನ್ನು ನೋಡಿ ಒತ್ತಾಯ ಮಾಡೋದು, ತಂದೆ ತಾಯಿಗೆ ಗೊತ್ತಿಲ್ಲದೆ ಮಕ್ಕಳಿಗೆ ಕಲಿಸೋದು ಬೇಡವೇ ಬೇಡ. ಸಂವಿಧಾನದ 25ನೇ ವಿಧಿ ನನ್ನ ನಂಬಿಕೆ ಹೇಳಿಕೊಳ್ಳೋ ಹಕ್ಕು ಕೊಟ್ಟಿದೆ, ತಮ್ಮ ಮನಸ್ಸಾಕ್ಷಿಯಂತೆ ನಡೆಯೋ ಹಕ್ಕನ್ನು ಕಾಕುಗೂ ಅದೇ ಕೊಟ್ಟಿದೆ. ಅವರು ಯೇಸುವನ್ನು ನಂಬಲಿ ಅಂತ ನನಗೆ ಆಸೆ ಇದೆ. ಅದನ್ನು ಅವರಿಂದ ಮುಚ್ಚಿಟ್ಟಿಲ್ಲ. ನಂಬದಿದ್ದರೂ ರೊಟ್ಟಿ ಅಲ್ಲೇ, ಮಾತು ಅಲ್ಲೇ.

ಆಮೇಲೆ ಅವರೇ ಕೇಳಿದರು: "ನೀ ಯಾಕ ಹಿಂಗ ಮಾಡ್ತಿ? ನಿಮ್ಮ ದೇವ್ರು ಏನ್ ಹೇಳ್ಯಾನ?" ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಸೌಮ್ಯವಾಗಿ, ಮರ್ಯಾದೆಯಿಂದ ಉತ್ತರ ಕೊಡಿ ಅಂತ ಪೇತ್ರನ ಮೊದಲ ಪತ್ರದಲ್ಲಿದೆ. ನನಗೆ ಭಾಷಣ ಬರಲ್ಲ. ನಮ್ಮಪ್ಪ ತೀರಿಕೊಂಡಾಗ ಯೇಸು ನನ್ನನ್ನು ಹೇಗೆ ಹಿಡಿದು ನಿಲ್ಲಿಸಿದ ಅಂತ ಹೇಳಿದೆ, ಶಿಲುಬೆಯಲ್ಲಿ ನನ್ನ ಪಾಪಕ್ಕಾಗಿ ಸತ್ತು ಎದ್ದು ಬಂದ ಅಂತಲೂ ಹೇಳಿದೆ.

ಈಗ ಮಗ್ಗಕ್ಕೆ ರಜೆ ಇದ್ದ ದಿನ ಲೂಕನ ಸುವಾರ್ತೆ ಓದುತ್ತೇವೆ. ನಾನು ಓದುತ್ತೇನೆ, ಕಾಕು ಪ್ರಶ್ನೆ ಕೇಳುತ್ತಾರೆ. ಹದಿನೈದನೇ ಅಧ್ಯಾಯದಲ್ಲಿ ಮನೆಬಿಟ್ಟು ಹೋದ ಕಿರಿಯ ಮಗ ತಿರುಗಿ ಬಂದಾಗ ಅಪ್ಪ ಔತಣ ಮಾಡಿಸಿದ, ಅದಕ್ಕೆ ಹಿರಿಯ ಮಗ ಸಿಟ್ಟಾಗಿ ಹೊರಗೇ ನಿಂತ ಕಥೆ ಇದೆ. ಅದು ಮುಗಿದಾಗ, "ಸಿಟ್ಟಾದ ಹಿರೇ ಮಗ ಕಡೀಗೆ ಮನ್ಯಾಗ ಹೋದ್ನೋ ಇಲ್ಲೋ?" ಅಂದರು. ಲೂಕ ಬರೆದಿಲ್ಲ ರೀ ಅಂದೆ. "ಹೋಗಿರ್ತಾನ ತಗೋ, ಅಪ್ಪನ ಹೊರಗ ಬಂದು ಕರದಾನಲ್ಲ" ಅಂದರು. ಮುಂದಿನ ಅಧ್ಯಾಯ ಸಾಹುಕಾರನ ಲೆಕ್ಕ ತಿದ್ದಿದ ಕಾರಭಾರಿಯದು. ಅದಕ್ಕೆ ಕಾಕಾನೂ ಕೂರತಾರಂತೆ.